ಮಡ್ಡಿಯ ಹಾದಿ

ಜನವರಿ 6, 2024. ನಿಪ್ಪಾಣಿ

ಕಬ್ಬಿನ ಹಂಗಾಮು. ಚಿಕ್ಕೋಡಿ ರಸ್ತೆಯ ತುಂಬ ಎರಡೆರಡು ಟ್ರೇಲರ್ ಜಗ್ಗುವ ಟ್ರ್ಯಾಕ್ಟರುಗಳು. ಹಿಂದೆ ದೀಪವಿಲ್ಲ, ಸೈಕಲ್ಲಿಗೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಡಾಂಬರು ಬಿಟ್ಟು ಮಣ್ಣಿನ ಹಾದಿ ಹಿಡಿದದ್ದು ಜೀವದ ಆಸೆಗೆ. ಈಗ ಆ ಹಾದಿಗಳ ಮೇಲೇ ಮನಸ್ಸು ನೆಟ್ಟಿದೆ.

ಇವತ್ತು ತವಂದಿ ಘಾಟಿನ ಗುಡ್ಡ. ತವನಿಧಿ ಬಸದಿ ದಾಟಿ ಕಾಲುದಾರಿ ಹತ್ತಿದೆ. ಬುಡದಲ್ಲಿ ಗಿಡ ದಟ್ಟ. ಒಣಗಿದ ಎಲೆಯಡಿ ಕಲ್ಲು ಕಾಣದೆ ಮುಂದಿನ ಗಾಲಿ ಪದೇಪದೇ ಜಾರಿತು. ಮೇಲೆ ಬಂದರೆ ಮೊಣಕಾಲುದ್ದ ಹುಲ್ಲು, ಪಶ್ಚಿಮಕ್ಕೆ ಸಹ್ಯಾದ್ರಿಯ ನೀಲಿ ಗೆರೆ. ಇಲ್ಲಿಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಅದು ಪದರ ಪದರವಾಗಿ ಹೆಪ್ಪುಗಟ್ಟಿದ್ದಕ್ಕೇ ಈ ಗುಡ್ಡಗಳು ಒಂದೇ ಸಮ ಇಳಿಯುವುದಿಲ್ಲ: ಸ್ವಲ್ಪ ಸಪಾಟು, ಥಟ್ಟನೆ ಒಂದು ಧುಮುಕು, ಮತ್ತೆ ಸಪಾಟು. ಸಪಾಟು ಮುಗಿಯುವ ಮೊದಲೇ ಸೀಟಿನಿಂದ ಎದ್ದು ಭಾರ ಹಿಂದಕ್ಕೆ ಹಾಕಬೇಕು.

ಜನವರಿ 7. ನಾಗರಮುನ್ನೋಳಿ, ಕಬ್ಬೂರ, ರಾಯಬಾಗ

ಮುಳ್ಳಿನ ದಿನ. ನೆಗ್ಗಿನಮುಳ್ಳು ಹೇಗೆ ಬಿದ್ದರೂ ಒಂದು ಕೊಂಬು ಮೇಲಕ್ಕೇ ಇರುತ್ತದೆ. ಟ್ಯೂಬಿಲ್ಲದ ಟಯರಿನಿಂದ ಕಿತ್ತೆ. ಸುಯ್ಯೆಂದು ಗಾಳಿ, ಹಿಂದೆಯೇ ತೂತು ಮುಚ್ಚಲೆಂದು ಒಳಗೆ ಹಾಕಿದ ಬಿಳಿ ದ್ರವ ಬುರುಗಾಗಿ ಉಕ್ಕಿತು. ತೂತು ಕೆಳಗೆ ಬರುವಂತೆ ಗಾಲಿ ತಿರುಗಿಸಿ ಹಿಡಿದೆ, ನಿಂತಿತು. ಟ್ಯೂಬಿನ ಸೈಕಲ್ಲಾಗಿದ್ದರೆ ಕಬ್ಬೂರತನಕ ನೂಕುವುದೇ ಗತಿ.

ಮಳೆ ಕೈಕೊಟ್ಟ ವರ್ಷ. ಎರಿ ಹೊಲಗಳು ಬಾಯಿ ಬಿಟ್ಟಿವೆ, ಬಿರುಕಿನಲ್ಲಿ ಗಾಲಿ ಸಿಕ್ಕಿಕೊಳ್ಳುತ್ತದೆ. ಗರಸಿನ ಎತ್ತರದ ನೆಲ, ಅಂದರೆ ಮಡ್ಡಿಯೇ, ಸೈಕಲ್ಲಿಗೆ ಹಿತ.

ಜನವರಿ 14, ಭೋಗಿ. ಕಾಗವಾಡ, ಮದಭಾವಿ

ಬೆಳಿಗ್ಗೆ ಕುಡಚಿ ಸೇತುವೆಯ ಮೇಲೆ ಕೃಷ್ಣೆ ದಾಟಿದೆ. ಉಗಾರದಲ್ಲಿ ಕಾಕಂಬಿಯ ವಾಸನೆ. ಕಾಗವಾಡ ದಾಟಿ ಮದಭಾವಿಯ ಕಡೆ ಹೊರಳಿದರೆ ಕಬ್ಬು ತೆಳುವಾಗುತ್ತದೆ, ಆಮೇಲೆ ಬರಿಯ ಮಡ್ಡಿ. ಹುಲ್ಲಿನ ಮೇಲೆ ಆಳೆತ್ತರದಲ್ಲಿ ಒಂದು ಹ್ಯಾರಿಯರ್ ಹದ್ದು ತೇಲಿಹೋಯಿತು. ಚಳಿಗಾಲ ಕಳೆಯಲು ಮಧ್ಯ ಏಷ್ಯಾದಿಂದ ದಖ್ಖನಿನ ಹುಲ್ಲುಗಾವಲಿಗೆ ಬರುವ ಹಕ್ಕಿ. ಇಂಥ ನೆಲವನ್ನು ಸರಕಾರದ ನಕಾಶೆಗಳು ಪಾಳುಭೂಮಿ ಎಂದು ಬರೆಯುವುದನ್ನು ನನ್ನಿಂದ ಒಪ್ಪಲಾಗದು.

ಕುರಿ ಕಾಯುವ ಒಬ್ಬ ಹಿರಿಯರು ಸಿಕ್ಕರು. ಊರ ದನ ಮೇಯುವ ಗಾಯರಾಣದೊಳಗೆ ನಾನು ಹಿಡಿಯಬೇಕೆಂದಿದ್ದ ಬಂಡಿದಾರಿ ನೋಡಿ ಕೈ ಅಡ್ಡ ಮಾಡಿದರು.

“ಆ ಕಡೆ ಹೋಗಬ್ಯಾಡ ತಮ್ಮಾ, ಮುಂದ ಕಂಟಿ ಹಚ್ಯಾರ.”

“ಗಾಯರಾಣ ಅಲ್ಲೇನ್ರೀ ಕಾಕಾ ಅದು?”

“ಗಾಯರಾಣನ. ಆದ್ರ ಯಾರ್ ಕೇಳ್ತಾರ? ಹೋದ ವರ್ಷ ಉಳುಮಿ ಮಾಡಿದ್ರು, ಈ ವರ್ಷ ಬೇಲಿ. ನಾವ್ ಕುರಿ ಸುತ್ತ ಹಾಕಿ ಒಯ್ತೀವಿ. ನಮ್ ಕುರಿ ಹಾದಿ ಹಿಡಿ, ಅಡ್ಡಡ್ಡ ಹೋಗತೈತಿ, ಉಸರ್ ಹತ್ತೂದಿಲ್ಲ.”

ಅವರು ಹೇಳಿದ್ದು ಖರೆ. ಕುರಿ ಏರನ್ನು ನೆಟ್ಟಗೆ ಹತ್ತುವುದಿಲ್ಲ, ಇಳಿಜಾರಿಗೆ ಅಡ್ಡಲಾಗಿ ನಡೆಯುತ್ತದೆ. ಹಿಂಡು ತುಳಿದು ತುಳಿದು ಮೂಡಿದ ಒಂದು ಮೊಳ ಅಗಲದ ಹಾದಿ. ಸಡಿಲ ಕಲ್ಲೆಲ್ಲ ಬದಿಗೆ ಸರಿದಿತ್ತು. ಇದಕ್ಕಿಂತ ಒಳ್ಳೆಯ ಸೈಕಲ್ ಹಾದಿಯನ್ನು ಯಾವ ಎಂಜಿನಿಯರೂ ಹಾಕಿಕೊಡಲಾರ. ಹೊರಡುವಾಗ ಗಂಟು ಬಿಚ್ಚಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಭೋಗಿ ಪಲ್ಯ ಕೈಗಿಟ್ಟರು. ಹಬ್ಬದ ದಿನ ಬೇಡವೆನ್ನಬಾರದು.

ಜನವರಿ 15, ಸಂಕ್ರಮಣ. ಅಥಣಿ

ಮನೆ ಮಂದಿ ಹೊಳೆಗೆ ಹೋದರು. ನಾನು ಗ್ರಾಮನಕ್ಷೆಗಳನ್ನು ಹರವಿಕೊಂಡು ಕೂತೆ. ಹಳೆಯ ಸರ್ವೇ ನಕ್ಷೆಯಲ್ಲಿ ಬಂಡಿದಾರಿ, ಕಾಲುದಾರಿ, ಹಳ್ಳ ಎಲ್ಲಕ್ಕೂ ಬೇರೆಬೇರೆ ಗುರುತು. ನಿನ್ನೆ ಬೇಲಿ ಕಂಡ ಜಾಗದಲ್ಲಿ ದಾರಿಯ ಗೆರೆ ಸ್ಪಷ್ಟವಾಗಿದೆ.

ನೂರು ದನಕ್ಕೆ 12 ಹೆಕ್ಟೇರ್ ಮೇವಿನ ಜಾಗ ಬಿಡಬೇಕೆಂದು 1966ರ ಕರ್ನಾಟಕ ಭೂಕಂದಾಯ ನಿಯಮಗಳ 97ನೆಯ ನಿಯಮ ಹೇಳುತ್ತದೆ. ಊರ ಸಾಮೂಹಿಕ ಜಮೀನಿನ ಒತ್ತುವರಿ ತೆರವಿಗೆ ಯೋಜನೆ ಮಾಡಿರೆಂದು 2011ರಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ತಾಕೀತು ಮಾಡಿತು. ಇಂಗ್ಲೆಂಡಿನಲ್ಲಿ ಹಳೆಯ ಕುದುರೆದಾರಿಗಳ ಮೇಲೆ ಸೈಕಲ್ ಹೊಡೆಯುವ ಹಕ್ಕನ್ನು 1968ರ ಕಾಯ್ದೆಯೇ ಕೊಟ್ಟಿದೆ. ಅಲ್ಲಿಯ ಗುಡ್ಡಗಾಡಿನ ಹಾದಿಗಳು ಇಂದಿಗೂ ನಕ್ಷೆಯಲ್ಲಿವೆ, ಜನರೂ ಬಳಸುತ್ತಾರೆ. ನಮ್ಮಲ್ಲಿ ದಾರಿ ನಕ್ಷೆಯಲ್ಲಷ್ಟೇ ಉಳಿದರೆ ನನ್ನ ಸೈಕಲ್ ಬೇರೆ ಕಡೆ ಹೋದೀತು. ಆದರೆ ಬರದ ವರ್ಷದಲ್ಲಿ ಆ ಕುರಿಗಳು ಎಲ್ಲಿಗೆ ಹೋಗಬೇಕು?

ಮೊಬೈಲಿನಲ್ಲಿ ದಾಖಲಾದ ನಿನ್ನೆಯ ಜಾಡನ್ನು ನಕ್ಷೆಯ ಮೇಲೆ ಕೆಂಪು ಶಾಯಿಯಲ್ಲಿ ಎಳೆದಿದ್ದೇನೆ. ದಾರಿ ಮುಚ್ಚಿದ ಜಾಗಕ್ಕೆ ಸರ್ವೇ ನಂಬರ್ ಬರೆದೆ. ಎರಡು ಪ್ರತಿ ತೆಗೆಸಬೇಕು: ಒಂದು ಗ್ರಾಮ ಪಂಚಾಯ್ತಿಗೆ, ಒಂದು ತಹಶೀಲ್ದಾರರಿಗೆ. ಅರ್ಜಿಯಲ್ಲಿ ಕುರಿ ಕಾಯುವವರ ಸಹಿ ಮೊದಲು, ನನ್ನದು ಆಮೇಲೆ. ಶನಿವಾರ ಮತ್ತೆ ಮದಭಾವಿಗೆ ಹೋಗುವುದು.