ವರ್ಗವಾಗಿ ಬಂದವರು

ವರ್ಗವಾಗಿ ಬರುವವರ ಬಗ್ಗೆ ನಮ್ಮೂರಿನವರಿಗೆ ಸಣ್ಣದೊಂದು ತಾತ್ಸಾರ ಇದ್ದೇ ಇದೆ. ಬ್ಯಾಂಕಿನವರು, ಕಾಲೇಜು ಮಾಸ್ತರರು, ಕಚೇರಿಯ ಸಾಹೇಬರು ಎಲ್ಲ ಎರಡು ಮೂರು ವರ್ಷ ಇದ್ದು, ನೀರು ಗಡಸು ಎಂದು ಗೊಣಗಿ, ಕೂಲರನ್ನು ಅರ್ಧ ಬೆಲೆಗೆ ಯಾರಿಗೋ ದಾಟಿಸಿ ಹೋಗುವ ಮಂದಿ. ಚಿಕ್ಕೋಡಿಯವರಾದ ನಾವು ಹಾಗಲ್ಲ. ಇಲ್ಲೇ ಹುಟ್ಟಿ, ಚಿಕ್ಕೋಡಿ ಜಿಲ್ಲೆಯಾಗುವುದನ್ನು ಕಾಯುತ್ತ ಇಲ್ಲೇ ತಲೆ ನೆರೆಸಿಕೊಂಡವರು.

ಮೆಥಡಿಸ್ಟ್ ಸಭೆಯ ಪಾಸ್ಟರುಗಳದು ಖಾಯಂ ವರ್ಗಾವಣೆಯ ಬದುಕು. ವರ್ಷಕ್ಕೊಮ್ಮೆ ಅವರ ಕಾನ್ಫರೆನ್ಸ್ ಸೇರುತ್ತದೆ. ಕೊನೆಗೆ ಬಿಷಪ್ಪರು ಎದ್ದು ನಿಂತು ಯಾರು ಯಾವ ಊರಿಗೆ ಎಂಬ ಪಟ್ಟಿ ಓದುತ್ತಾರೆ. ಹೆಸರಿನ ಮುಂದೆ ಯಾವ ಊರು ಬಂತೋ ಅಲ್ಲಿಗೆ ಗಂಟುಮೂಟೆ ಕಟ್ಟಬೇಕು. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ ಕುದುರೆ ಏರಿ ಊರೂರು ತಿರುಗುತ್ತ ಹಾಕಿಕೊಟ್ಟ ಪದ್ಧತಿಯಂತೆ ಇದು. ನಮ್ಮ ಓಣಿಗೆ ಬಂದ ತರುಣ ಪಾಸ್ಟರರಿಗೆ ಕುದುರೆಯ ಬದಲು ಹಳೆಯದೊಂದು ಸ್ಪ್ಲೆಂಡರ್ ಗಾಡಿ ಇತ್ತು, ಹಿಂದಿನ ಸೀಟಿಗೆ ಹೆಂಡತಿ ಇದ್ದರು. ಇಬ್ಬರೂ ಬೀದರ ಕಡೆಯವರು. ಮದುವೆಯಾಗಿ ವರ್ಷ ತುಂಬಿರಲಿಲ್ಲ.

ಬಂದ ದಿನವೇ ಅವರಿಗೆ ನಮ್ಮ ಸೀಮೆಯ ರುಚಿ ಸಿಕ್ಕಿತು. ಮಿರಜದಿಂದ ರೈಲು ಹಿಡಿದು, ಬೋರ್ಡು ನೋಡಿ ‘ಚಿಕ್ಕೋಡಿ ರೋಡ್’ ನಿಲ್ದಾಣದಲ್ಲಿ ಸಾಮಾನು ಸಮೇತ ಇಳಿದುಬಿಟ್ಟಿದ್ದರು. ಅಲ್ಲಿರುವುದು ರೋಡು ಮಾತ್ರ, ಚಿಕ್ಕೋಡಿ ಬಹಳ ದೂರ. ಕೊನೆಗೆ ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ಅವರನ್ನು ಹತ್ತಿಸಿಕೊಂಡು ಅರ್ಧ ದಾರಿ ತಂದು ಬಿಟ್ಟ. ಅವನ ಮನೆಯ ಸೀಮಂತ, ಜವಳ ಒಂದನ್ನೂ ಈ ದಂಪತಿ ಮುಂದೆ ತಪ್ಪಿಸಲಿಲ್ಲ.

ನಾನು ಎಲ್ಐಸಿ ಏಜೆಂಟ್. ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿ ಎಲ್ಲ ನನ್ನ ತಿರುಗಾಟದ ಊರುಗಳೇ. ಪಾಸ್ಟರರ ಕೆಲಸವೂ ಹೆಚ್ಚುಕಡಿಮೆ ನನ್ನದರಂತೆಯೇ. ಇಬ್ಬರೂ ಮನೆಮನೆಗೆ ಹೋಗುವವರು. ಇಬ್ಬರನ್ನೂ ದೂರದಿಂದ ಕಂಡೊಡನೆ ಕೆಲವರಿಗೆ ಹೊಲದ ಕೆಲಸ ನೆನಪಾಗುತ್ತದೆ. ವ್ಯತ್ಯಾಸ ಇಷ್ಟೇ: ಸತ್ತ ಮೇಲೆ ಮನೆಯವರಿಗೆ ಸಿಗುವುದರ ಮಾತು ನನ್ನದು, ಸತ್ತವನಿಗೇ ಸಿಗುವುದರ ಮಾತು ಅವರದು. ಇದನ್ನು ಹೇಳಿದಾಗ ಅವರು ಹೊಟ್ಟೆ ಹಿಡಿದು ನಕ್ಕರು. ಮುಂದಿನ ಐತವಾರ ಪ್ರಸಂಗದಲ್ಲಿ ಬಳಸಿಕೊಂಡರೆಂದೂ ಕೇಳಿದೆ. ನನ್ನ ಹೆಸರು ಹೇಳಲಿಲ್ಲವಂತೆ.

ಕ್ರೈಸ್ತರೆಂದರೆ ನಿನ್ನೆ ಮೊನ್ನೆ ಬಂದವರು ಎಂದು ಚಹಾದಂಗಡಿಯಲ್ಲಿ ಮಾತಾಡುವವರಿದ್ದಾರೆ. ಆದರೆ ಬೆಳಗಾವಿಗೆ ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ ಬಂದದ್ದು 1820ರಲ್ಲಿ, ಪೇಶ್ವೆ ಆಳಿಕೆ ಮುಗಿದು ಎರಡೇ ವರ್ಷಕ್ಕೆ. ಆ ಕೆಲಸ 1904ರಲ್ಲಿ ಮೆಥಡಿಸ್ಟರ ಕೈಗೆ ಬಂತು. ಆಮೇಲೆ ಹಳ್ಳಿಗಳ ದಲಿತ ಕೇರಿಗಳಲ್ಲಿ ಸಣ್ಣ ಸಣ್ಣ ಸಭೆಗಳು ಹುಟ್ಟಿದವು. ಈಗ ಅಲ್ಲಿರುವವರು ಮೊಮ್ಮಕ್ಕಳು, ಮರಿಮಕ್ಕಳು. 2022ರಲ್ಲಿ ಮತಾಂತರದ ಕಾಯ್ದೆ ಬಂದ ಹೊತ್ತಿಗೆ ಒಬ್ಬ ಹುಡುಗ ನೇರವಾಗಿಯೇ ಕೇಳಿದ: “ಅಯ್ಯನೋರ, ನೀವು ಮಂದೀನ ನಿಮ್ಮ ಜಾತಿಗೆ ಸೇರಸ್ತೀರಂತಲ್ರೀ?” ಪಾಸ್ಟರರು ಚಹಾದ ಕಪ್ಪು ಇಟ್ಟು, “ಇದ್ದ ಮಂದೀಗೇ ಐತವಾರ ಎಬ್ಬಿಸಿ ಗುಡಿಗಿ ತರಾದ್ರಾಗ ಸಾಕಾಗ್ಯಾದ ತಮ್ಮಾ,” ಎಂದರು. ಹುಡುಗ ನಕ್ಕ. ಆ ನಗೆಯಲ್ಲಿ ಅನುಮಾನವೆಲ್ಲ ಕರಗಿತು ಎಂದೇನೂ ನಾನು ಹೇಳುವುದಿಲ್ಲ. ಆ ವರ್ಷ ಕೆಲವು ಮನೆಗಳ ಸಂಜೆ ಪ್ರಾರ್ಥನೆ ಬಾಗಿಲು ಮುಂದೆ ಮಾಡಿಕೊಂಡು, ಹಾಡಿಲ್ಲದೆ ನಡೆಯಿತು.

ಹಾಡಿಲ್ಲದಿದ್ದರೆ ಅವರಿಗೆ ಊಟಕ್ಕೆ ಉಪ್ಪಿಲ್ಲದ ಹಾಗೆ. ಉಳಿದ ದಿನಗಳಲ್ಲಿ ಹಾರ್ಮೋನಿಯಂ, ದಿಮ್ಮಡಿ, ತಾಳ ಎಲ್ಲ ಇರುತ್ತಿದ್ದವು. ಭಜನೆಯ ಧಾಟಿಯಲ್ಲಿ ಒಂದು ಕನ್ನಡದ್ದು, ಒಂದು ಮರಾಠಿಯದು. ಮರಾಠಿಯವು ಹೆಚ್ಚಾಗಿ ನಾರಾಯಣ ವಾಮನ ಟಿಳಕರವು. 1895ರಲ್ಲಿ ಕ್ರೈಸ್ತರಾದ ಕವಿ ಆತ. ಹೆಂಡತಿ ಲಕ್ಷ್ಮೀಬಾಯಿ ಐದು ವರ್ಷ ಬಿಟ್ಟು, ಬಹಳ ಯೋಚಿಸಿ ದೀಕ್ಷೆ ಪಡೆದರು. ಅಲೆಮಾರಿ ಗಂಡನ ಸಂಸಾರ ತೂಗಿಸಿದ ಕಥೆಯನ್ನು ಆಕೆ ‘ಸ್ಮೃತಿಚಿತ್ರೆ’ ಎಂಬ ಪುಸ್ತಕದಲ್ಲಿ ನಗುನಗುತ್ತಲೇ ಬರೆದಿದ್ದಾರೆ. ಸೇವೆ ಎಂದೊಡನೆ ಗಂಡನ ಹೆಸರು ಮುಂದೆ ಬರುತ್ತದೆ. ಮನೆಗೆ ಬಂದ ಐದು ಮಂದಿಗೆ ಇದ್ದೆರಡು ರೊಟ್ಟಿ ಹಂಚುವವಳ ಹೆಸರು ಕೇಳಬೇಕಾದರೆ ಅವಳೇ ಪುಸ್ತಕ ಬರೆಯಬೇಕು.

ನಮ್ಮ ಪಾಸ್ಟರರ ಹೆಂಡತಿಗೆ ಪುಸ್ತಕ ಬರೆಯುವ ಪುರಸೊತ್ತು ಇರಲಿಲ್ಲ. ನನ್ನನ್ನು ಅಣ್ಣಾ ಎಂದು ಕರೆದು, ನನ್ನ ಹೆಂಡತಿಯನ್ನು ವೈನಿ ಮಾಡಿಕೊಂಡು, ಎಳ್ಳಮಾಸಿಗೆ ಬೀದರದ ಭಜ್ಜಿ ಕಲಿಸಿದರು. ಹಸಿ ಕಡಲೆ, ಅವರೆ, ತೊಗರಿ, ಕೈಗೆ ಸಿಕ್ಕ ಸೊಪ್ಪು ಎಲ್ಲ ಬೇಯಿಸಿ ಕಡಲೆಹಿಟ್ಟು ಕಲಸಿದ ಅದನ್ನು ಸಜ್ಜೆ ರೊಟ್ಟಿಯೊಡನೆ ತಿಂದ ಮೇಲೆ ನಮ್ಮ ಮನೆಯ ಚರಗಕ್ಕೆ ಬೀದರದ ಅಡುಗೆಯೂ ಸೇರಿತು.

ನಿಪ್ಪಾಣಿಯ ಬೀಡಿ ಕಟ್ಟುವ ಹೆಣ್ಣುಮಕ್ಕಳೊಡನೆ ಅವರ ಗೆಳೆತನ ದೊಡ್ಡದು. ನಾನು ಕಂತು ವಸೂಲಿಗೆ ಹೋದರೆ ಬಾಗಿಲಲ್ಲೇ ನಿಂತು ಬರುವವನು. ಆಕೆ ಒಳಗೆ ಹೋಗಿ ಕೂಡುವರು. ತೊಡೆಯ ಮೇಲೆ ಮೊರ. ರಾತ್ರಿ ನೆನೆಸಿದ ಎಲೆಯನ್ನು ಅಳತೆಯ ತಗಡಿಟ್ಟು ಕತ್ತರಿಸುವುದು, ಚಿಟಿಕೆ ಜರ್ದಾ ಹರಡುವುದು, ಸುತ್ತುವುದು, ತುದಿ ಮಡಚಿ ದಾರ ಬಿಗಿಯುವುದು. ಮಾತು ನಿಲ್ಲುವುದಿಲ್ಲ, ಬೆರಳೂ ನಿಲ್ಲುವುದಿಲ್ಲ. ಆಕೆಯೂ ಕೆಲವನ್ನು ಕಟ್ಟಿದರು. ಸಡಿಲಾಗಿದ್ದವನ್ನು ಆ ಹೆಣ್ಣುಮಕ್ಕಳು ಮುಲಾಜಿಲ್ಲದೆ ಬಿಚ್ಚಿ ಹಾಕಿದರು. ಮೆಥಡಿಸ್ಟರು ತಂಬಾಕು ಬೇಡ ಎನ್ನುವವರು. ಈ ಸೀಮೆಯ ಕಾಣಿಕೆ ಚೀಲಕ್ಕೆ ಬೀಳುವ ನಾಣ್ಯಗಳಲ್ಲಿ ಬೀಡಿಯ ಕೂಲಿಯೂ ಇರುತ್ತದೆ. “ಇದಕ್ಕೇನಂತೀರಿ?” ಎಂದು ನಾನು ಕೆಣಕಿದೆ. “ಸೇದವ್ರಿಗಿ ಬೈತೀವಿ ಅಣ್ಣಾ, ಕಟ್ಟವ್ರಿಗಿ ಅಲ್ಲ,” ಎಂದರು ಆಕೆ. ಇಂಥ ಉತ್ತರ ಪಾಸ್ಟರರಿಗೆ ಹೊಳೆಯುತ್ತಿರಲಿಲ್ಲ.

ಪಾಸ್ಟರರ ಗೆಳೆತನ ಅಥಣಿಯ ಚಪ್ಪಲಿ ಕೆಲಸಗಾರರ ಮನೆಗಳಲ್ಲಿ. ಪೇಟೆಯಲ್ಲಿ ಕೊಲ್ಹಾಪುರಿ ಎಂದು ಮಾರುವುದರಲ್ಲಿ ಎಷ್ಟೋ ಜೋಡು ಅಥಣಿ ಕಡೆಯವು. 2019ರಲ್ಲಿ ಸಿಕ್ಕ ಭೌಗೋಳಿಕ ಮಾನ್ಯತೆಯಲ್ಲಿ ಬೆಳಗಾವಿ ಜಿಲ್ಲೆಯ ಹೆಸರೂ ಸೇರಿತು. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ತೊಗಲು. ಗಂಡಸರು ಅಟ್ಟೆ ಕೊಯ್ದರೆ ಹೆಂಗಸರು ಮೇಲಿನ ಹೆಣಿಗೆ ಮಾಡುತ್ತಾರೆ. ಮೊಳೆಯಿಲ್ಲ, ಹೊಲಿಗೆಯೂ ತೊಗಲಿನದೇ. ಮೊದಲ ತಿಂಗಳು ಕಾಲು ಕಚ್ಚುತ್ತದೆ, ಎಣ್ಣೆ ಕುಡಿದು ಮೆತ್ತಗಾದ ಮೇಲೆ ಬಿಡಲಿಕ್ಕೆ ಮನಸ್ಸಾಗುವುದಿಲ್ಲ. ಕರ್ರಕರ್ರ ಸಪ್ಪಳದಿಂದಲೇ ಪಾಸ್ಟರರು ಬಂದರೆಂದು ಓಣಿಗೆ ಗೊತ್ತಾಗುತ್ತಿತ್ತು.

ಬೈಬಲ್ ಓದುವುದಕ್ಕಿಂತ ಹೆಚ್ಚು ಹೊತ್ತು ಪಾಸ್ಟರರ ಸೇವೆ ನಡೆದದ್ದು ಆಸ್ಪತ್ರೆಯ ವರಾಂಡದಲ್ಲಿ. ಕಾಗವಾಡ ದಾಟಿದರೆ ಮಿರಜ. ನಮ್ಮ ಕಡೆ ಯಾರಿಗೆ ಜಡ್ಡು ಜಾಸ್ತಿಯಾದರೂ ‘ಮಿರಜಿಗೆ ಒಯ್ರಿ’ ಎನ್ನುವುದೇ ವಾಡಿಕೆ. ವಿಲಿಯಂ ವಾನ್ಲೆಸ್ ಎಂಬ ಕೆನಡಾದ ತರುಣ ಡಾಕ್ಟರು ಹೆಂಡತಿಯೊಡನೆ 1889ರಲ್ಲಿ ಈ ಸೀಮೆಗೆ ಬಂದು, 1894ರಲ್ಲಿ ಅಲ್ಲಿ ಮಿಶನ್ ಆಸ್ಪತ್ರೆ ತೆರೆದರು. ಬಿಟ್ಟು ಹೋದದ್ದು 1928ರಲ್ಲಿ. ಬಂದವರೇ ಹೀಗೆ ಸುಮಾರು 40 ವರ್ಷ ನಿಂತುಬಿಟ್ಟಾಗ ಸ್ವಂತ ಊರು ಯಾವುದು ಎಂದು ಕೇಳುವುದಕ್ಕೆ ಅರ್ಥವಿರುವುದಿಲ್ಲ. ನಮ್ಮ ಪಾಸ್ಟರರು ಜಾತಿ ಕೇಳದೆ ಯಾರ ಜೊತೆಗೂ ಅಲ್ಲಿಗೆ ಹೋಗಿ ಚೀಟಿ ಬರೆಸುವರು, ರಕ್ತ ಹುಡುಕುವರು, ಮರಾಠಿ ನರ್ಸಿಗೂ ಕನ್ನಡದ ಅಜ್ಜಿಗೂ ನಡುವೆ ನಿಂತು ಮಾತು ದಾಟಿಸುವರು.

ಚಿಂಚಲಿ ಮಾಯಕ್ಕನ ಜಾತ್ರೆಯಲ್ಲೂ ಅವರನ್ನು ನೋಡಿ ನಾನೇ ಬೆರಗಾದೆ. ಭಾರತ ಹುಣ್ಣಿವೆ, ಎತ್ತಿನ ಗಾಡಿಗಳ ಸಾಲು, ಭಂಡಾರದ ಧೂಳು. “ಇದೇನ್ರೀ, ನೀವಿಲ್ಲಿ?” ಎಂದರೆ, “ನಮ್ಮ ಸಭಿ ಮಂದಿ ಅರ್ಧಾ ಇಲ್ಲೇ ಅಂಗಡಿ ಹಾಕ್ಯಾರ, ನಾ ಎಲ್ಲಿಗಿ ಹೋಗಲಿ?” ಎಂದರು.

ಅವರ ತಂದೆಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದ ಮೇಲೆ, ಊರ ಹತ್ತಿರದ ಸಭೆ ಕೊಡಿ ಎಂದು ಕೇಳಿಕೊಂಡರು. ಆ ಸಲದ ಪಟ್ಟಿಯಲ್ಲಿ ಹಾಗೇ ಬಂತು. ಹೊರಡುವ ವಾರ ಮನೆ ತುಂಬ ಮಂದಿ. ಕಬ್ಬಿನ ಟ್ರ್ಯಾಕ್ಟರಿನವನು ಬೆಲ್ಲದ ಪೆಂಟೆ ತಂದ, ನಿಪ್ಪಾಣಿಯಿಂದ ಶೇಂಗಾ ಚಟ್ನಿ ಬಂತು, ಅಥಣಿಯಿಂದ ಮುದುಕ ತಂದೆಗೆಂದು ಮೆತ್ತನೆಯ ಒಂದು ಜೋಡು ಬಂತು. ನಡೆಯಲಾರದವನಿಗೆ ಚಪ್ಪಲಿ ಯಾಕೆ ಎಂದು ಯಾರೂ ಕೇಳಲಿಲ್ಲ.

ಬಿಟ್ಟುಹೋಗುವುದು ಗೊತ್ತಿದ್ದವರು ಯಾವುದನ್ನೂ ನಾಳೆಗೆ ಇಡುವುದಿಲ್ಲ. ಇಲ್ಲೇ ಇರುವವರಾದ ನಮಗೆ ಜಾತ್ರೆ ಮುಂದಿನ ವರ್ಷವೂ ಇದೆ, ನೆರೆಮನೆಯವನ ಜಡ್ಡು ನಾಳೆ ವಿಚಾರಿಸಿದರೂ ನಡೆಯುತ್ತದೆ. ಊರು ನಮ್ಮದೆಂಬ ಧೈರ್ಯದ ಮೇಲೆ ಊರನ್ನು ನೋಡದೆಯೇ ಮುದುಕರಾಗಿಬಿಡಬಹುದು. ಈಗ ನಾನು ವಸೂಲಿಗೆ ಹೋದಲ್ಲೆಲ್ಲ “ನಿಮ್ಮ ಪಾಸ್ಟರ್ ಹೆಂಗದಾರ್ರೀ?” ಎಂದು ನನ್ನನ್ನೇ ಕೇಳುತ್ತಾರೆ. ಉತ್ತರ ಹೇಳಲು ಒಳಗೆ ಹೋಗಿ ಕೂಡಲೇಬೇಕಾಗುತ್ತದೆ. ಹೊಸ ಪಾಸ್ಟರರ ಸಾಮಾನು ಮೊನ್ನೆ ಇಳಿಯಿತು. ಅವರಿಗೆ ಯಾವ ಯಾವ ಮನೆ ತೋರಿಸಬೇಕೆಂದು ನನ್ನ ಹೆಂಡತಿ ಆಗಲೇ ಪಟ್ಟಿ ಮಾಡಿದ್ದಾಳೆ. ಪಾಲಿಸಿ ಮಾತು ಆಮೇಲೆ ತೆಗೆಯಬೇಕಂತೆ.