ಬಸವನ ಬಾಯಿಯ ಗಂಗೆ, ಗುಡ್ಡದ ಮೇಲಿನ ಜೋಗಿ

ರಾಕ್ಷಸನ ಹಲ್ಲಿಟ್ಟುಕೊಂಡ ಶಿವಾಲಯವನ್ನು ನಾನು ಕಂಡದ್ದು ಇದೇ ಮೊದಲು. ಚಿತ್ರದುರ್ಗದ ಕೋಟೆಯೊಳಗೆ ಹಿಡಿಂಬೇಶ್ವರನ ಗುಡಿ. ಅಲ್ಲಿ ಹಿಡಿಂಬನದೆಂದು ಹೇಳುವ ಭಾರೀ ಹಲ್ಲು, ಭೀಮನ ನಗಾರಿಯೆಂದು ತೋರಿಸುವ ಕಬ್ಬಿಣದ ದೊಡ್ಡ ಪೀಪಾಯಿ. ‘ಆನೆ ಹಲ್ಲಿರಬೇಕು’ ಎಂದು ಪಿಸುಗುಟ್ಟಿದ ಪಕ್ಕದವರೂ ಕೈಮುಗಿಯುವುದನ್ನು ಬಿಡಲಿಲ್ಲ. ಕೊಂದವನಿಗೂ ಸತ್ತವನಿಗೂ ಒಂದೇ ಸೂರು! ಮಂಗಳೂರಿನವನಾದ ನನಗೆ ಇದು ಪೂರ್ತಿ ಹೊಸತಲ್ಲ. ಅನ್ಯಾಯಕ್ಕೆ ಸತ್ತವರು ದೈವವಾಗಿ ಬಂದು ಕೋಲ ಪಡೆಯುವ ಸೀಮೆ ನಮ್ಮದು. ಆದರೂ ರಾಕ್ಷಸನ ಹೆಸರಿಗೆ ‘ಈಶ್ವರ’ನನ್ನು ಅಂಟಿಸುವ ಧೈರ್ಯ ದುರ್ಗದವರದೇ.

ಕೋಟೆಯಿಂದ ಮುಂದಿನ ಪಯಣ ಜೋಗಿಮಟ್ಟಿ ಗುಡ್ಡಕ್ಕೆ, ಊರಿಂದ ಹತ್ತು ಕಿಲೋಮೀಟರ್ ದೂರ. ಆಟೋದವರು ಮೊದಲು ಗುಡ್ಡವನ್ನು ನೋಡಿದರು, ಆಮೇಲೆ ನನ್ನ ಹೊಟ್ಟೆಯನ್ನು. ‘ಏರು ಐತೆ ಸಾರ್, ಗಾಡಿ ಕೆಮ್ಮಿದ್ರೆ ನೀವು ಇಳೀಬೇಕು’ ಎಂಬ ಕರಾರಿನ ಮೇಲೆ ಹೊರಟೆವು.

ದಾರಿಯಲ್ಲಿ ಆಡುಮಲ್ಲೇಶ್ವರನ ಗುಡಿ. ಪುಟ್ಟ ಮೃಗಾಲಯವೂ ಅಲ್ಲೇ ಇರುವುದರಿಂದ ಮಕ್ಕಳ ಗದ್ದಲಕ್ಕೆ ಬರವಿಲ್ಲ. ನಾನು ನಿಂತದ್ದು ಮಾತ್ರ ಬಸವನ ಮುಂದೆ. ಕಲ್ಲಿನ ಬಸವ, ಅದರ ಬಾಯಿಂದ ಸಣ್ಣಗೆ ಬೀಳುವ ನೀರು. ವರ್ಷವಿಡೀ ನಿಲ್ಲದಂತೆ. ಇದರಲ್ಲೇನು ಅತಿಶಯ ಎಂದು ನಮ್ಮ ಕರಾವಳಿಯವರು ಕೇಳಿಯಾರು. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಸುರಿಯುತ್ತದೆ, ಇಲ್ಲಿ 600ರ ಆಸುಪಾಸು. ಬಾವಿಗೆ ಕೊಡ ಇಳಿಸುವ ನಮಗೆ ನೀರು ಬರೀ ನೀರು. ಇಲ್ಲಿ ಸಾಲುಗಟ್ಟಿ ನಿಂತವರು ಬೊಗಸೆಯೊಡ್ಡಿ, ಕಣ್ಣಿಗೊತ್ತಿಕೊಂಡು, ಉಳಿದದ್ದನ್ನು ತಲೆಗೆ ಚಿಮುಕಿಸಿಕೊಳ್ಳುತ್ತಾರೆ. ಒಬ್ಬರೂ ‘ನೀರು’ ಎನ್ನುವುದಿಲ್ಲ, ‘ಗಂಗಮ್ಮ’ ಎನ್ನುತ್ತಾರೆ. ಕಾಶಿಯ ಗಂಗೆ ಕಲಶಕ್ಕೂ ಬರುತ್ತಾಳೆ, ಸ್ನಾನದ ತಂಬಿಗೆಗೂ ಬರುತ್ತಾಳೆ ಎಂಬ ಮಂತ್ರದ ಮಾತನ್ನು ಪುರೋಹಿತರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೆ. ನಂಬಿದವರನ್ನು ಹೀಗೆ ಕಣ್ಣಾರೆ ಕಂಡಿರಲಿಲ್ಲ.

ಮುಂದೆ ಅರಣ್ಯ ಇಲಾಖೆಯ ಗೇಟು. 2015ರಿಂದ ಈ ಕಾಡು ವನ್ಯಜೀವಿಧಾಮ. ಕರಡಿ, ಚಿರತೆ, ನವಿಲುಗಳ ಮನೆ. ಕಾವಲುಗಾರ ನನ್ನ ಚೀಲ ಬಿಚ್ಚಿಸಿ ಪ್ಲಾಸ್ಟಿಕ್ ಬಾಟಲಿಗಳನ್ನು ಎಣಿಸಿ ಬರೆದುಕೊಂಡ. ವಾಪಸು ಬರುವಾಗ ಲೆಕ್ಕ ತಪ್ಪಬಾರದು. ಚಿತ್ರಗುಪ್ತನ ಖಾತೆ ಹೇಗಿರುತ್ತದೆಂಬ ಅಂದಾಜು ಸಿಕ್ಕಿತು.

ತಿರುವಿನ ಮೇಲೆ ತಿರುವು. ಆಟೋ ಮಾತಿಗೆ ತಪ್ಪದೆ ಕೆಮ್ಮುತ್ತದೆ, ನಾನು ಮಾತಿಗೆ ತಪ್ಪದೆ ಇಳಿಯುತ್ತೇನೆ. 3,800 ಅಡಿ ಎತ್ತರದ ನೆತ್ತಿಯಲ್ಲಿ ಗಾಳಿ ಅಂಗಿಯನ್ನೇ ಕಿತ್ತುಕೊಳ್ಳಲು ನೋಡುತ್ತದೆ. ಸುತ್ತಲ ಗುಡ್ಡಗಳ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ. ವಾಯುದೇವರಿಂದಲೂ ಇಲ್ಲಿ ದುಡಿಸಿಕೊಳ್ಳುತ್ತಾರೆ. ಇದೇ ಬೆಟ್ಟದ ಮಡಿಲಲ್ಲಿ ಹಿಮವತ್ಕೇದಾರ. ಹಿಮಾಲಯಕ್ಕೆ ಹೋಗಲಾರದವರ ಕೇದಾರ, ಬಯಲುಸೀಮೆಯ ಒಂದು ಗುಹೆ, ಒಂದು ಒರತೆ. ದೇವರು ಎಲ್ಲೆಲ್ಲೂ ಇದ್ದಾನೆಂದ ಮೇಲೆ ಇಲ್ಲಿ ಇರಬಾರದೇಕೆ?

ಜೋಗಿಯ ಗದ್ದುಗೆ ಮೇಲಿದೆ. ಯಾವ ಕಾಲದವನೋ, ಇಲ್ಲಿ ತಪಸ್ಸು ಮಾಡಿ ಇಲ್ಲೇ ಸಮಾಧಿಯಾದ. ಗುಡ್ಡಕ್ಕೆ ಹೆಸರು ಬಂದದ್ದೂ ಅವನಿಂದ. ನಮ್ಮ ಕದ್ರಿಯಲ್ಲೂ ಜೋಗಿ ಮಠವಿದೆ. ಹನ್ನೆರಡು ವರ್ಷಕ್ಕೊಮ್ಮೆ ತ್ರ್ಯಂಬಕೇಶ್ವರದಿಂದ ನಾಥಪಂಥದ ಜೋಗಿಗಳು ಕಾಲ್ನಡಿಗೆಯಲ್ಲಿ ಬಂದು ಅಲ್ಲಿ ಹೊಸ ಪೀಠಾಧಿಪತಿಯನ್ನು ಕೂರಿಸುತ್ತಾರೆ. ಅಲ್ಲಿ ಮೆರವಣಿಗೆ, ಗೌಜಿ. ಇಲ್ಲಿಯ ಜೋಗಿಗೆ ಗಾಳಿಯೊಂದೇ ವಾದ್ಯ.

ಸತ್ತವರನ್ನು ನಮ್ಮ ಮನೆತನದಲ್ಲಿ ಸುಡುತ್ತಾರೆ; ಹಳೆಯ ಮೈಯ ನಂಟು ಕಳಚಿ ಜೀವ ಮುಂದಿನ ದಾರಿ ಹಿಡಿಯಲಿ ಎಂದು. ಜೋಗಿಗೆ ಮುಂದಿನ ದಾರಿಯೇ ಇಲ್ಲ. ಬದುಕಿರುವಾಗಲೇ ಎಲ್ಲ ಕಳಚಿಕೊಂಡವನನ್ನು ಮತ್ತೆ ಬೆಂಕಿ ಬಿಡಿಸುವುದು ಯಾವುದರಿಂದ? ಅದಕ್ಕೇ ಮಣ್ಣಲ್ಲಿ ಕೂರಿಸುತ್ತಾರೆ, ಕೂತವನ ಹತ್ತಿರ ಕಷ್ಟ ಹೇಳಿಕೊಳ್ಳಲು ಜನ ಬರುತ್ತಾರೆ. ಮೋಕ್ಷ ಪಡೆದವನಿಗೂ ಬಿಡುವಿಲ್ಲ ನೋಡಿ.

ಕೊರಳಲ್ಲಿ ಇಷ್ಟಲಿಂಗದ ಕರಡಿಗೆ ಧರಿಸಿದ ಅಜ್ಜಿಯೊಬ್ಬರು ಕಾಯಿ ಒಡೆಸಿ ಸುತ್ತು ಬರುತ್ತಿದ್ದಾರೆ. ದೇವರನ್ನು ಎದೆಯ ಮೇಲೇ ಹೊತ್ತವರು ಇಷ್ಟು ದೂರ ಏರಿ ಬಂದದ್ದೇಕೆ? ಕೇಳಿದೆ. ಮೊಮ್ಮಗಳಿಗೆ ಗಂಡು ಸಿಗಲೆಂದು ಹರಕೆಯಂತೆ. ‘ಹಣೇಬರಾನ ಬದಲಿಸಕ್ಕಾಗುತ್ತಾ ಅಜ್ಜಿ?’ ಎಂದು ಕೆಣಕಿದೆ.

‘ಹಣೇಬರ ಅಂತ ಕುಂತ್ರೆ ಆಗುತ್ತೇನಪ್ಪ? ಬರ್ದಿರೋನು ಬರ್ದಿರ್ತಾನೆ. ಕೇಳೋರು ಕೇಳ್ಬೇಕು.’

ಕರ್ಮಕ್ಕೂ ಕೃಪೆಗೂ ಇರುವ ಜಗಳದ ಮೇಲೆ ನಮ್ಮ ಆಚಾರ್ಯರು ರಾಶಿ ರಾಶಿ ಭಾಷ್ಯ ಬರೆದಿದ್ದಾರೆ. ಅಜ್ಜಿ ನನ್ನ ಕೈಗೊಂದು ಕಾಯಿಚೂರು ಇಟ್ಟು, ಮಂಡಕ್ಕಿಯ ಪೊಟ್ಟಣ ಬಿಚ್ಚಲು ನೆರಳು ಹುಡುಕುತ್ತ ಹೊರಟರು. ಕಾಯಿಚೂರಿನ ಮೇಲೆ ಕೋತಿಯೊಂದಕ್ಕೂ ಹಕ್ಕಿತ್ತು, ತಕ್ಷಣವೇ ಚಲಾಯಿಸಿತು.

ಇಳಿಯುವಾಗ ಊರಿನಿಂದ ಅಮ್ಮನ ಫೋನು. ‘ಅಲ್ಲಿ ತೀರ್ಥ ಉಂಟಾ? ಇದ್ದರೆ ತಾ ಮಾರಾಯ.’ ಮನೆಯಲ್ಲಿ ಕಾಶಿಯಿಂದ ತಂದ ಗಂಗೆಯ ತಂಬಿಗೆ ಬೆಸುಗೆಯೊಡೆಯದೆ ಕೂತಿದೆ, ಬಾವಿ ತುಂಬಿ ತುಳುಕುತ್ತಿದೆ, ಆದರೂ ಬೇಕು. ಬಸವನ ಬಾಯಿಗೆ ಬಾಟಲಿ ಹಿಡಿಯುವಾಗ ನನ್ನ ಹಿಂದೆ ಇಬ್ಬರು ಕ್ಯಾನು ಹಿಡಿದು ಕಾಯುತ್ತಿದ್ದರು.