ಹಗ್ಗದ ಎರಡು ತುದಿಗಳು

ಮಣಿಪಾಲದಲ್ಲಿ ಎಂಜಿನಿಯರಿಂಗ್ ಕಲಿತು ಈಗ ನಾರ್ವೆ ದೇಶದಲ್ಲಿ ಉದ್ಯೋಗದಲ್ಲಿರುವ ಯುವಕನೊಬ್ಬ ಊರಿಗೆ ಬಂದಿದ್ದಾಗ ನನಗೊಂದು ಭಾವಚಿತ್ರವನ್ನು ತೋರಿಸಿದ. ಹಿಮ ಮುಚ್ಚಿದ ಬೆಟ್ಟದ ದಾರಿಯಲ್ಲಿ ಎರಡು ನಾಯಿಗಳು ಓಡುತ್ತಿವೆ. ಅವುಗಳ ಹಿಂದೆ ಕಾಲಿಗೆ ಉದ್ದನೆಯ ಹಲಗೆಗಳನ್ನು ಕಟ್ಟಿಕೊಂಡು ಈತ ಜಾರುತ್ತಿದ್ದಾನೆ. "ಫಾದರ್, ಇದು ಅಲ್ಲಿಯವರ ಕಂಬಳ" ಎಂದು ನಕ್ಕ.

ಸ್ಕೀಜೋರಿಂಗ್ ಎಂಬುದು ಈ ಆಟದ ಹೆಸರು. ಕುದುರೆಗಳ ಹಿಂದೆ ಜಾರುವ ಪ್ರಕಾರವನ್ನು 1928ರಲ್ಲಿ ಸ್ವಿಟ್ಜರ್‌ಲೆಂಡಿನ ಸೇಂಟ್ ಮೊರಿಟ್ಸ್‌ನಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಪ್ರದರ್ಶಿಸಲಾಗಿತ್ತು. ನಾಯಿಗಳ ಪ್ರಕಾರದಲ್ಲಿ ಮನುಷ್ಯನ ಸೊಂಟದ ಪಟ್ಟಿಗೂ ನಾಯಿಯ ಮೈಪಟ್ಟಿಗೂ ನಡುವೆ ಎಳೆದರೆ ಹಿಗ್ಗುವ ಒಂದು ಹಗ್ಗವಿರುತ್ತದೆ. ಲಗಾಮಿಲ್ಲ, ಚಾಟಿಯಿಲ್ಲ, ಎಡ, ಬಲ, ನಿಲ್ಲು ಎಂಬುದೆಲ್ಲ ಬಾಯಿಮಾತಿನಲ್ಲೇ ನಡೆಯಬೇಕು. ನಾಯಿಗೆ ಓಡುವ ಮನಸ್ಸಿಲ್ಲದಿದ್ದರೆ ಆಟವೇ ಇಲ್ಲ. ಏರು ಬಂದಾಗ ಮನುಷ್ಯನೂ ಕೋಲೂರಿ ತನ್ನ ಕಾಲ ಬಲದಿಂದ ಮುಂದೆ ಸಾಗಬೇಕು.

ಯುವಕನ ಹೋಲಿಕೆ ಸುಳ್ಳಲ್ಲ. ಕಟಪಾಡಿಯಲ್ಲಿಯೋ ಕಾರ್ಕಳದ ಮಿಯಾರಿನಲ್ಲಿಯೋ ಜೋಡುಕರೆ ಕಂಬಳವನ್ನು ನೋಡಿದವರಿಗೆ ಅಡ್ಡಹಲಗೆಯ ಓಟ ಗೊತ್ತು. ಕೋಣಗಳಿಗೆ ಕಟ್ಟಿದ ಹಲಗೆಯ ಮೇಲೆ ನಿಂತು ಓಟಗಾರ ಕೆಸರುನೀರಿನ ಮೇಲೆ ಜಾರುತ್ತಾನೆ. ಕನೆಹಲಗೆಯಲ್ಲಾದರೆ ಅದರ ತೂತುಗಳಿಂದ ಚಿಮ್ಮುವ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು. ಅಲ್ಲಿ ಹಿಮ, ಇಲ್ಲಿ ಕೆಸರು. ಅಲ್ಲಿ ನಾಯಿ, ಇಲ್ಲಿ ಕೋಣ. ಆದರೆ ಇಲ್ಲಿ ಒಂದು ವಸ್ತು ಹೆಚ್ಚಾಗಿದೆ. ಅದು ಬೆತ್ತ.

ಈ ಬೆತ್ತದ ಕುರಿತು ನಾಡಿನಲ್ಲಿ ನಡೆದ ವಾದವನ್ನು ಓದುಗರು ಮರೆತಿರಲಾರರು. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನು ನಿಷೇಧಿಸಿದ ತರುವಾಯ ಕಂಬಳಕ್ಕೂ ಕುತ್ತು ಬಂತು. 2016ರಲ್ಲಿ ಹೈಕೋರ್ಟಿನ ತಡೆಯಾಜ್ಞೆಯಿಂದ ಕರೆಗಳು ಮೌನವಾದವು. ರಾಜ್ಯವು 2017ರಲ್ಲಿ ಕಾನೂನಿಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಅದನ್ನು ಎತ್ತಿಹಿಡಿಯಿತು. ಆದರೆ ಆ ಅನುಮತಿಗೆ ಒಂದು ಷರತ್ತಿದೆ: ಪ್ರಾಣಿಗೆ ಅನಗತ್ಯ ನೋವಾಗಬಾರದು. ನ್ಯಾಯಾಲಯ ಬಾಗಿಲನ್ನು ತೆರೆಯಬಲ್ಲುದು. ಕರೆಯಲ್ಲಿ ಓಡುವಾಗ ಕೈಯನ್ನು ತಡೆಯಬೇಕಾದವನು ಓಟಗಾರನೇ.

ಹಿಂದೆ ಕಾಪುವಿನ ಬಳಿ ನಾನು ಸೇವೆಯಲ್ಲಿದ್ದಾಗ ಇಗರ್ಜಿಯ ನೆರೆಯಲ್ಲಿ ಕೋಣ ಸಾಕುವ ಹಿರಿಯರೊಬ್ಬರಿದ್ದರು. ತಮ್ಮ ಊಟಕ್ಕೆ ಮುಂಚೆ ಕೋಣಗಳಿಗೆ ಹುರುಳಿ ಬೇಯಿಸಿ ಹಾಕುವರು, ಮೈಗೆ ಎಣ್ಣೆ ತಿಕ್ಕುವರು. ಹೆಸರು ಹಿಡಿದು ಕರೆದರೆ ಅವು ಹಟ್ಟಿಯಿಂದಲೇ ಕಿವಿ ನಿಮಿರಿಸುತ್ತಿದ್ದವು. ಬೆತ್ತದ ವಿಷಯ ಕೇಳಿದಾಗ ಅವರೆಂದರು: "ಯಜಮಾನನ ಸ್ವರ ಗುರುತಿರುವ ಕೋಣಕ್ಕೆ ಬೆತ್ತ ತೋರಿಸಿದರೆ ಸಾಕು, ಫಾದರ್. ಹೊಡೆಯುವವನಿಗೆ ಅವುಗಳ ಪರಿಚಯವಿಲ್ಲ ಎಂದೇ ಅರ್ಥ."

2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದಾಗ ಲೋಕವೆಲ್ಲ ಅವರನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿತು. ಮೆಚ್ಚುಗೆ ಯೋಗ್ಯವೇ. ಆದರೆ ಅವರನ್ನು ಎಳೆದುಕೊಂಡು ಓಡಿದ ಜೋಡಿಯ ಹೆಸರನ್ನು ಕೇಳಿದವರೆಷ್ಟು ಮಂದಿ?

ನಮ್ಮ ಮನೆಗಳಲ್ಲಿಯೂ ಹಗ್ಗದ ಮುಂದಿನ ತುದಿಯಲ್ಲಿ ಯಾರೋ ಒಬ್ಬರಿರುತ್ತಾರೆ. ಗಲ್ಫಿನ ಬಿಸಿಲಲ್ಲಿ ದುಡಿಯುವ ಮಗ, ಬೆಳಗಿನ ನಾಲ್ಕಕ್ಕೇ ಏಳುವ ತಾಯಿ, ಮದುವೆಯನ್ನು ಮುಂದೂಡಿ ತಮ್ಮಂದಿರನ್ನು ಓದಿಸುವ ಅಕ್ಕ. ಅವರ ಎಳೆತದಿಂದ ನಾವು ಸರಾಗವಾಗಿ ಜಾರುತ್ತೇವೆ. ದಾರಿ ಏರಾದಾಗ ನಾವೂ ಕಾಲೂರುತ್ತೇವೆಯೇ, ಅಥವಾ ಚುಚ್ಚುಮಾತಿನ ಬೆತ್ತವನ್ನೇ ಎತ್ತುತ್ತೇವೆಯೇ?

ನವೆಂಬರಿನಲ್ಲಿ ಮತ್ತೆ ಕಂಬಳದ ಋತು ಬರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಓಟ ಮುಗಿದ ಮೇಲೆ ಕೋಣಗಳನ್ನು ಕಟ್ಟಿದಲ್ಲಿಗೂ ಒಮ್ಮೆ ಹೋಗಿರಿ. ಅವುಗಳ ಬೆನ್ನನ್ನು ನೋಡಿರಿ, ಹೆಸರನ್ನೂ ಕೇಳಿರಿ.